ನಿಂತಲ್ಲೇ ನಾನೂರು ಮೈಲಿ

ಬಹಳ ಕಾಲದವರೆಗೆ ಮೀಟರಪ್ಪನ ಕಾರು ರಸ್ತೆಗೆ ಇಳಿದದ್ದು ಒಂದೇ ಸಲ. ಆ ಸಲ ಅದು ಮನೆಯ ಗೇಟಿನಿಂದ ಹೊರಟು, ಬೀದಿಯ ಕೊನೆಯ ತಿರುವಿನವರೆಗೆ ರಾಜಗಾಂಭೀರ್ಯದಿಂದ ಸಾಗಿ, ಅಲ್ಲಿ 'ಟಣ್' ಎಂದು ಒಂದು ಸದ್ದು ಮಾಡಿ ನಿಂತುಬಿಟ್ಟಿತು. ಎಂಜಿನ್ನು ಇನ್ನೂ ಗುಡುಗುತ್ತಿತ್ತು. ಗೇರು ಬೀಳುತ್ತಿತ್ತು. ಕಾರು ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಿಂದಿನ ಆಕ್ಸಲ್ ಮುರಿದಿತ್ತು. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಉಕ್ಕಿನ ಸರಳು ಅದು. ಅದು ತುಂಡಾದ ಮೇಲೆ ಎಂಜಿನ್ನು ಎಷ್ಟು ಬೊಬ್ಬೆ ಹೊಡೆದರೂ ಚಕ್ರಕ್ಕೆ ಕೇಳಿಸುವುದಿಲ್ಲ.

ಚಕ್ರಕ್ಕೆ ಕೇಳಿಸದಿದ್ದರೂ ಬೀದಿಗೆಲ್ಲ ಕೇಳಿಸಿತು. ಪಕ್ಕದ ಮನೆಯ ಸಂಗೀತದ ಮೇಡಂ ಪಾಠ ನಿಲ್ಲಿಸಿ ಶಿಷ್ಯರ ಸಮೇತ ಹೊರಬಂದರು. ಸಲೂನಿನವನು ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯನ್ನೂ ಕರೆದುಕೊಂಡೇ ಬಂದ. ಎಲ್ಲರೂ ಸೇರಿ ಕಾರನ್ನು ಹಿಂದಕ್ಕೆ ತಳ್ಳತೊಡಗಿದರು. ಒಳಗೆ ಮೀಟರಪ್ಪನ ಹೆಂಡತಿ ಹೊಸ ಬಟ್ಟೆ ತೊಟ್ಟು, ಕಡಲು ನೋಡಲೆಂದು ಕೊಂಡ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಇಳಿದು ನಡೆಯೋಣವೆಂದರೆ ಅವಮಾನ, ಕೂತೇ ಇರೋಣವೆಂದರೆ ಇನ್ನೂ ಅವಮಾನ. ಆಕೆ ಕೂತೇ ಇದ್ದಳು. ಮನೆ ಮುಟ್ಟಿದ ಮೇಲೆ ಇಳಿದು, ಕನ್ನಡಕ ತೆಗೆಯದೆಯೇ ತೀರ್ಪು ಹೇಳಿದಳು.

"ಇನ್ಮೇಲೆ ನಾನು ಆ ಕಾರಿನ ಶೆಡ್ಡಿನ ಒಳಗೆ ಕಾಲಿಡಲ್ಲ. ಕಾರು ಬಾಗಿಲ ಮುಂದೆ ಬಂದು ನಿಲ್ಬೇಕು, ನೀವು ಇಳಿದು ಬಂದು ಬಾಗಿಲು ತೆಗೀಬೇಕು, ಆಗ ಹತ್ತೋದು. ಮೊದಲ ಸವಾರಿ ನಂದು. ಕಡಲಿಗೆ. ನನ್ನ ಬಿಟ್ಟು ನೀವೊಬ್ರೇ ಹೋದ್ರೋ, ಅಲ್ಲೇ ಇದ್ಬಿಡಿ, ವಾಪಸ್ ಬರ್ಬೇಡಿ."

ಮೀಟರಪ್ಪ ಒಪ್ಪಿಕೊಂಡ. ಒಪ್ಪಿಕೊಳ್ಳದೆ ಏನು ಮಾಡಿಯಾನು, ಪಾಪ. ಅವನಿಗೆ ಆ ಕಾರಿನಲ್ಲಿ ಬೇರೆ ಆಸೆಯೇ ಇರಲಿಲ್ಲ. ಇರುವುದೇ ಎರಡು ಸೀಟು. ಒಂದು ತನಗೆ, ಒಂದು ಅವಳಿಗೆ.

ಆ ಕಾರು ಅವನ ಕೈಗೆ ಬಂದದ್ದು ವಿಚಿತ್ರ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಮೀಟರಪ್ಪನಿಗಿಂತ ಮೊದಲು. ಎರಡು ಸೀಟಿನ, ಮೇಲೆ ಸೂರಿಲ್ಲದ, ಕಡು ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಯಾವುದೋ ದೊಡ್ಡ ಮನೆಯ ಮುದಿ ಡಾಕ್ಟರು ಊರು ಬಿಡುವಾಗ, "ಇಷ್ಟು ವರ್ಷದಲ್ಲಿ ಇದರ ಯೋಗಕ್ಷೇಮ ವಿಚಾರಿಸಿದವನು ನೀನೊಬ್ಬನೇ ಕಣಯ್ಯ, ತಗೊಂಡು ಹೋಗು" ಎಂದು ಕೊಟ್ಟುಬಿಟ್ಟಿದ್ದರು. ಮೀಟರಪ್ಪ ಅವರ ಮನೆಗೆ ಹೋಗುತ್ತಿದ್ದುದು ನೀರಿನ ಮೀಟರು ನೋಡಲು. ಅದೇ ಅವನ ಉದ್ಯೋಗ, ಅದರಿಂದಲೇ ಆ ಹೆಸರು. ನೀರು ಸರಬರಾಜು ಕಚೇರಿಯ ಖಾಕಿ ಚೀಲ ಹೆಗಲಿಗೇರಿಸಿ ಮನೆಮನೆಯ ಗೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಜಿನ ಮೇಲಿನ ಮಣ್ಣು ಒರೆಸಿ, ಅಂಕಿ ಓದುವುದು.

ಈ ಕೆಲಸದಲ್ಲಿ ಅವನಿಗೆ ಬೀದಿಯವರ ಜೊತೆ ಒಂದು ಹಳೆಯ ಜಗಳವಿತ್ತು. ನಲ್ಲಿಯಲ್ಲಿ ನೀರು ಬರುವುದಕ್ಕೆ ಮೊದಲು ಕೊಳವೆಯೊಳಗಿನ ಗಾಳಿ ಬುಸ್ಸೆಂದು ಬರುತ್ತದೆ, ಆ ಗಾಳಿಗೇ ಮೀಟರು ಗಿರಗಿರ ತಿರುಗುತ್ತದೆ, ನಾವು ಬಳಸದ ನೀರನ್ನು ನಮ್ಮ ತಲೆಗೆ ಕಟ್ಟುತ್ತೀರಿ ಎಂಬುದು ಅವರ ವಾದ. ಮೀಟರಪ್ಪನ ಉತ್ತರ ಒಂದೇ. "ಮೀಟರ್ ಸುಳ್ಳು ಹೇಳಲ್ಲ ಸ್ವಾಮಿ." ಇದನ್ನು ಅವನು ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ ಕೇಳಿದವರಿಗೆ ತಾವೇ ಸುಳ್ಳುಗಾರರೆಂಬ ಅನುಮಾನ ಬರುತ್ತಿತ್ತು.

ಆಕ್ಸಲ್ ಮುರಿದ ಮೇಲೆ ಗ್ಯಾರೇಜಿನವನು ಬಂದ. ಮಾತಿಗೊಮ್ಮೆ ನಿಟ್ಟುಸಿರು ಬಿಡುವ ಮನುಷ್ಯ. ಯಾರ ಕಾರನ್ನು ಕಂಡರೂ ಅವನ ಮುಖ ಸಾವಿನ ಮನೆಗೆ ಬಂದವನ ಹಾಗಾಗುತ್ತಿತ್ತು. ಕಾರಿನ ಹಿಂಭಾಗವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ. ಚಕ್ರ ಬಿಚ್ಚಿದ, ಎರಡೂ ಕಡೆಯ ಆಕ್ಸಲ್ ಎಳೆದ, ಮುರಿದ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದ.

"ನೋಡಿಯಣ್ಣ, ಹಳೇ ಆಕ್ಸಲ್ ತುದೀಲಿ ಸೀಳು ಕೊರೆದು, ಕೀಲು ಹಾಕಿ, ಚಕ್ರದ ತಟ್ಟೇನ ಬೇರೆಯಾಗಿ ಸಿಕ್ಕಿಸ್ತಾರೆ. ಆ ಸೀಳೇ ಇದರ ಪ್ರಾಣ ತಿನ್ನೋದು. ಈ ಜಾತಿ ಕಾರೆಲ್ಲ ಹೀಗೇ ಹೋಗೋದು."

"ಇನ್ನೊಂದು ಇಂಥದ್ದೇ ಹಾಕಿದ್ರೆ?"

"ಇನ್ನೊಂದ್ ಸಲ ತಳ್ಕೊಂಡು ಬರ್ತೀರ." ನಿಟ್ಟುಸಿರು. "ಈಗ ಹೊಸ ನಮೂನೆ ಬಂದಿದೆ. ತಟ್ಟೆ, ಸರಳು ಎರಡೂ ಸೇರಿ ಒಂದೇ ತುಂಡು. ಗಟ್ಟಿ ಉಕ್ಕು. ಎರಡೂ ಕಡೆ ಅದನ್ನೇ ಹಾಕೋಣ, ಬೇರಿಂಗು, ಆಯಿಲ್ ಸೀಲು ಎಲ್ಲ ಹೊಸದು. ಕಾರು ಹೋದ್ರೂ ಆಕ್ಸಲ್ ಹೋಗಲ್ಲ. ಆದ್ರೆ ಹಡಗಲ್ಲಿ ಬರ್ಬೇಕು. ತಿಂಗಳುಗಟ್ಟಲೆ ಕಾಯ್ಬೇಕು."

ಹೊರಡುವಾಗ ಗ್ಯಾರೇಜಿನವನು ಇನ್ನೊಂದು ಮಾತು ಹೇಳಿದ. "ಎಂಜಿನ್ನು ಸುಮ್ನೆ ಬಿಟ್ರೆ ಹಿಡ್ಕೊಳ್ಳುತ್ತೆ. ಮಧ್ಯಮಧ್ಯ ಸ್ಟಾರ್ಟ್ ಮಾಡಿ. ಹೊಗೆ ಮಾತ್ರ ಹೊರಗೆ ಹೋಗ್ಬೇಕು." ಹೊಗೆ ಕೊಳವೆಗೆ ತಾನೇ ಒಂದು ಉದ್ದನೆಯ ಪೈಪು ಸಿಕ್ಕಿಸಿ, ಶೆಡ್ಡಿನ ಹಿಂದಿನ ಕಿಟಕಿಯಿಂದ ಹಿತ್ತಿಲಿಗೆ ಬಿಟ್ಟು ಹೋದ. ಸಕಲ ಅನಾಹುತಕ್ಕೂ ಈ ಸದುದ್ದೇಶದ ಸಲಹೆಯೇ ಕಾರಣವಾಯಿತು.

ಮೀಟರಪ್ಪನ ಕೆಲಸ ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಊಟವಾದ ಮೇಲೆ ಅವನು ಶೆಡ್ಡಿಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಕಾರಿನ ಹಿಂಭಾಗಕ್ಕೆ ಧೂಳು ಕೂರದಿರಲೆಂದು ಹಳೆಯ ದುಪ್ಪಟಿ ಹೊದಿಸಿದ್ದ. ಮುಂದೆ ಕೂತವನಿಗೆ ಹಿಂದೆ ಚಕ್ರವಿಲ್ಲವೆಂಬುದು ಗೊತ್ತೇ ಆಗುತ್ತಿರಲಿಲ್ಲ. ಮೊದಲ ದಿನ ಎಂಜಿನ್ನು ಸ್ಟಾರ್ಟ್ ಮಾಡಿ ಸುಮ್ಮನೆ ಕೂತ. ಎರಡನೇ ದಿನ ಕೈ ತನ್ನಷ್ಟಕ್ಕೆ ಗೇರಿನ ಮೇಲೆ ಹೋಯಿತು. ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟ. ಎದುರಿನ ವೇಗದ ಮೀಟರಿನ ಮುಳ್ಳು ಮೆಲ್ಲಗೆ ಎದ್ದಿತು.

ಆ ಕಾರಿನ ಮೈಲಿ ಮೀಟರಿಗೆ ಹೋಗುವ ತಂತಿ ಹುಟ್ಟುವುದು ಗೇರು ಪೆಟ್ಟಿಗೆಯಲ್ಲಿ. ಗೇರು ತಿರುಗಿದರೆ ಅದಕ್ಕೆ ಸಾಕು. ಚಕ್ರ ಇದೆಯೋ, ಆಕ್ಸಲ್ ಇದೆಯೋ, ಕಾರು ದಿಮ್ಮಿಯ ಮೇಲಿದೆಯೋ ದಾರಿಯ ಮೇಲಿದೆಯೋ ಎಂದು ಅದು ಕೇಳುವುದಿಲ್ಲ. ಎರಡನೇ ಗೇರು, ಮೂರನೇ ಗೇರು. ಮುಳ್ಳು ಮೂವತ್ತು ದಾಟಿತು. ನಾಲ್ಕನೇ ಗೇರಿನಲ್ಲಿ ಐವತ್ತು, ಅರವತ್ತು. ಕೆಳಗಿನ ಪುಟ್ಟ ಕಿಂಡಿಯಲ್ಲಿ ಮೈಲಿಯ ಅಂಕಿಗಳು ಒಂದೊಂದಾಗಿ ಮಗ್ಗುಲು ಬದಲಿಸತೊಡಗಿದವು.

ಚಾವಣಿಯ ಗಾಜಿನ ತುಂಡಿನಿಂದ ಬಿಸಿಲ ಕೋಲೊಂದು ಇಳಿದು ಅವನ ಮಡಿಲ ಮೇಲೆ ಬಿದ್ದಿತ್ತು. ಅದರೊಳಗೆ ಧೂಳಿನ ಕಣಗಳು ಅವಸರವಿಲ್ಲದೆ ಓಡಾಡುತ್ತಿದ್ದವು. ಊಟದ ಭಾರ, ಎಂಜಿನ್ನಿನ ಒಂದೇ ಶ್ರುತಿಯ ಗುಂಯ್‌ಗಾನ. ಎದುರು ಗೋಡೆಗೆ ಒರಗಿಸಿದ್ದ ಏಣಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಬಣ್ಣದ ಡಬ್ಬಿಗಳು ಸರಿದವು. ಗೋಡೆಯೂ ಸರಿದು ದಾರಿ ಬಿಟ್ಟಿತು. ಎರಡೂ ಬದಿಗೆ ಸಾಲುಮರಗಳು, ನೆರಳು ಬೆಳಕು, ನೆರಳು ಬೆಳಕು. ಒಂದು ಸೇತುವೆ, ಕೆಳಗೆ ಹೆಸರಿಲ್ಲದ ಹೊಳೆ. ಯಾರೂ ಎದುರಾಗುವುದಿಲ್ಲ, ಯಾರೂ ಹಾರ್ನ್ ಮಾಡುವುದಿಲ್ಲ. ಗುಡ್ಡದ ಏರು ಹತ್ತಿದರೆ ಗಾಳಿಯಲ್ಲಿ ಉಪ್ಪಿನ ವಾಸನೆ. ಪಕ್ಕದ ಸೀಟಿನಲ್ಲಿ ಅವಳು. ಮುಖ ಗಾಳಿಗೆ ಒಡ್ಡಿ, ಕಣ್ಣು ಅರೆಮುಚ್ಚಿ, ತೃಪ್ತಿಯಿಂದ ಕೂತಿದ್ದಾಳೆ.

"ಚಳಿ ಆಗ್ತಿದೆಯಾ?" ಎಂದು ಮೀಟರಪ್ಪ ಕೇಳುತ್ತಿದ್ದ. "ಸ್ವಲ್ಪ ನಿಧಾನ ಮಾಡ್ಲಾ? ನೋಡು, ಈ ಗುಡ್ಡ ಇಳಿದ್ರೆ ಕಡಲೇ."

ಗುಡ್ಡದ ನೆತ್ತಿ ಮುಟ್ಟುವಷ್ಟರಲ್ಲಿ ಸರಿಯಾಗಿ ಎಚ್ಚರವಾಗುತ್ತಿತ್ತು. ಕಡಲು ಒಂದು ದಿನವೂ ಸಿಗಲಿಲ್ಲ. ಆದರೂ ಶೆಡ್ಡಿನಿಂದ ಹೊರಬರುವಾಗ ಅವನ ಮುಖದಲ್ಲಿ ದೂರದ ಪ್ರಯಾಣ ಮಾಡಿ ಬಂದವನ ಕಳೆ ಇರುತ್ತಿತ್ತು. ಹೀಗೆ ದಿನವೂ ನಡೆಯಿತು. ಯಾರಿಗೂ ತೊಂದರೆ ಇರಲಿಲ್ಲ. ಅವನು ಕ್ಷೌರಕ್ಕೆ ಹೋಗದೆ ಗಡ್ಡ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

ಸಲೂನಿನವನ ನಾಲಿಗೆ ಅವನ ಕತ್ತಿಗಿಂತ ಹರಿತ. ಬೆಂಚಿನ ಮೇಲೆ ಕೂತ ನಾಲ್ಕು ಮಂದಿಗೆ ಕೇಳಿಸುವಂತೆ ಕೇಳಿದ. "ಏನಣ್ಣ, ನಿಮ್ಮ ವಿಮಾನ ಇನ್ನೂ ದಿಮ್ಮಿ ಮೇಲೇನಾ? ಕೋಳಿಯಾದ್ರೂ ಇಷ್ಟು ಹೊತ್ತಿಗೆ ಮೊಟ್ಟೆ ಒಡೆದು ಮರಿ ಮಾಡ್ತಿತ್ತು."

ಬೆಂಚು ನಕ್ಕಿತು. ಮೀಟರಪ್ಪನ ಮುಖದ ತುಂಬ ಸಾಬೂನಿನ ನೊರೆ, ಕತ್ತಿನ ಮೇಲೆ ಕತ್ತಿ, ಅಲುಗಾಡುವಂತಿಲ್ಲ. ಆದರೆ ಸ್ವಾಭಿಮಾನಕ್ಕೆ ನೊರೆ ಹಚ್ಚಿರಲಿಲ್ಲವಲ್ಲ. "ನಿನ್ನೆ ಅರವತ್ತು ಮೈಲಿ ಸ್ಪೀಡು ದಾಟ್ತು" ಎಂದುಬಿಟ್ಟ. ಹೇಳಿದ್ದು ಸುಳ್ಳಲ್ಲ. ಮುಳ್ಳು ದಾಟಿತ್ತು.

ಕತ್ತಿ ನಿಂತಿತು. "ಎಲ್ಲಿ?"

"ಕಡಲ ರಸ್ತೇಲಿ."

"ಒಬ್ರೇನಾ?"

ಪಕ್ಕದ ಸೀಟಿನ ಅರೆಮುಚ್ಚಿದ ಕಣ್ಣು ನೆನಪಾಗಿ ಮೀಟರಪ್ಪ ನೊರೆಯೊಳಗೇ ಒಂದು ನಗೆ ನಕ್ಕ. ಆ ನಗೆಯನ್ನು ಸಲೂನಿನವನು ಕನ್ನಡಿಯಲ್ಲಿ ಕಂಡ. ಮಾತಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು.

ಸಂಜೆಯೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತು. ಹಾಲಿನವನು ಮೀಟರಪ್ಪನನ್ನು ಸೇತುವೆಯ ಮೇಲೆ ಕಣ್ಣಾರೆ ಕಂಡಿದ್ದ. ಕೈ ಬೀಸಿದರೂ ನಿಲ್ಲಿಸಲಿಲ್ಲವಂತೆ, ಕಾರು ಬಂದ ಮೇಲೆ ಮನುಷ್ಯನಿಗೆ ಕೊಬ್ಬು ಬಂದಿದೆಯಂತೆ. ಆದರೆ ತೂಕದ ಸಾಕ್ಷಿ ಬಂದದ್ದು ಸಂಗೀತದ ಮೇಡಂ ಅವರಿಂದ. ಶೆಡ್ಡಿನ ಕಿಟಕಿಯ ಪೈಪು ಅವರ ಕಾಂಪೌಂಡಿನ ಕಡೆಗೇ ಬಾಯಿ ತೆರೆದಿತ್ತು. ಒಣಗಲು ಹಾಕಿದ ಬಟ್ಟೆಗೆಲ್ಲ ಪೆಟ್ರೋಲಿನ ವಾಸನೆ ಬಡಿದು ಅವರು ಮೊದಲೇ ಕುದಿಯುತ್ತಿದ್ದರು. ಗೋಡೆಯ ಮೇಲಿಂದ ಮೀಟರಪ್ಪನ ಹೆಂಡತಿಯನ್ನು ಕರೆದರು.

"ನನ್ನ ಕಿವಿ ಮೋಸ ಹೋಗಲ್ಲ ಕಣ್ರೀ. ದಿನಾ ಮಧ್ಯಾಹ್ನ ಕಾರು ಮಂದ್ರದಲ್ಲಿ ಎತ್ಕೊಳ್ಳುತ್ತೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ, ತಾರದಲ್ಲಿ ನಿಲ್ಲುತ್ತೆ. ಅಂದ್ರೆ ನಾಲ್ಕನೇ ಗೇರು. ನಾಲ್ಕನೇ ಗೇರಲ್ಲಿ ಯಾರಾದ್ರೂ ಶೆಡ್ಡಲ್ಲಿ ಇರ್ತಾರಾ? ಹಿಂದಿನ ದಾರೀಲಿ ಹೋಗ್ಬಿಡ್ತಾರೆ ಅನ್ಸುತ್ತೆ. ಇನ್ನೊಂದು ಹೇಳ್ಬೇಕೋ ಬೇಡ್ವೋ..."

"ಹೇಳಿ."

"ಹೋಗೋ ಮುಂಚೆ ಒಬ್ಬ ಹೆಂಗಸಿನ ಜೊತೆ ಮಾತಾಡ್ತಾರೆ. ಚಳಿ ಆಗ್ತಿದೆಯಾ ಅಂತ ಕೇಳ್ತಾರೆ. ಆ ದನಿ ಕೇಳ್ಬೇಕು ನೀವು, ಬೆಣ್ಣೆ! ಆಯಮ್ಮ ಮಾತ್ರ ಉಸಿರು ಬಿಡಲ್ಲ. ಮೆತ್ತಗಿರೋ ಹೆಂಗಸು ಅನ್ಸುತ್ತೆ."

ಮೀಟರಪ್ಪನ ಹೆಂಡತಿ ಅಂದಿನಿಂದ ಮಾತು ಬಿಟ್ಟಳು. ಆದರೆ ಹುಟ್ಟಾ ಮಾತುಗಾರ್ತಿ ಒಮ್ಮೆಲೇ ಬಿಡುವುದು ಹೇಗೆ? ಗಂಡನ ಜೊತೆ ಬಿಟ್ಟು ಅಡುಗೆಮನೆಯ ಸಾಮಾನಿನ ಜೊತೆ ಶುರುಮಾಡಿದಳು. "ಊಟಕ್ಕೆ ಕರೀರಪ್ಪ ಯಾರಾದ್ರೂ" ಎಂದು ಸೌಟಿಗೆ ಹೇಳಿದಳು. "ಮೆತ್ತಗಿರೋರು ಬೇಕಂತೆ, ನಾವು ಗಟ್ಟಿಯಂತೆ" ಎಂದು ನೀರಿನ ಹೂಜಿಗೆ ಹೇಳಿದಳು. ಮೀಟರಪ್ಪನಿಗೆ ಒಂದೂ ತಿಳಿಯಲಿಲ್ಲ. ಆಕ್ಸಲ್ ಬರುವುದು ತಡವಾದದ್ದಕ್ಕೆ ಸಿಟ್ಟು ಎಂದುಕೊಂಡು, "ಹಡಗು ಹೊರಟಿದೆಯಂತೆ" ಎಂದ. ಸೌಟು ದಡಾರನೆ ಕೆಳಗೆ ಬಿತ್ತು.

ಮರುದಿನ ಅವಳ ಅಣ್ಣ ಬಂದ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಕೆಲಸ ಬಿಟ್ಟರೂ ಜಗತ್ತಿನ ಪ್ರತಿಯೊಬ್ಬನೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿದ್ದಾನೆಂಬ ನಂಬಿಕೆ ಅವನನ್ನು ಬಿಟ್ಟಿರಲಿಲ್ಲ. ಕೈಚೀಲ ಕೆಳಗಿಡುವ ಮೊದಲೇ ಕೇಳಿದ.

"ಭಾವನವ್ರೇ, ಎಲ್ಲಿಂದ ಎಲ್ಲಿಗೆ ಪ್ರಯಾಣ?"

"ಇಲ್ಲೇ... ಆಫೀಸಿಂದ ಮನೆಗೆ."

"ಜೊತೇಲಿ ಎಷ್ಟು ಜನ?"

ಮೀಟರಪ್ಪನ ಈ ಭಾವ ಉತ್ತರಕ್ಕೂ ಕಾಯದೆ ನೇರವಾಗಿ ಶೆಡ್ಡಿಗೆ ನಡೆದ. ಕಾರಿನ ಮೈಲಿ ಕಿಂಡಿಗೆ ಮೂಗು ತಾಗಿಸಿ ನೋಡಿದ. ಆಕ್ಸಲ್ ಮುರಿದ ದಿನ ತಂಗಿಯ ಮನೆಗೆ ಬಂದಿದ್ದ ಅವನೂ ತಳ್ಳಿದವರಲ್ಲಿ ಒಬ್ಬ. ಅಂದು ಕಂಡ ಅಂಕಿ ಅವನ ತಲೆಯಲ್ಲಿ ಅಚ್ಚೊತ್ತಿತ್ತು. ಟಿಕೆಟ್ ನಂಬರು ನೋಡಿ ನೋಡಿ ಪಳಗಿದ ಕಣ್ಣು. "ನಾನೂರು ಮೈಲಿ!" ಎಂದು ಕೂಗಿದ. "ತಂಗೀ, ನಾನೂರು ಮೈಲಿ ಮೇಲೇ ಆಗಿದೆ!"

ಶೆಡ್ಡಿನ ಹೊಸ್ತಿಲಾಚೆ ನಿಂತಿದ್ದ ತಂಗಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಭಾವ, ಸ್ವಲ್ಪ ಹಿಂದೆ ನೋಡಿ" ಎಂದು ಮೀಟರಪ್ಪ ದುಪ್ಪಟಿ ಎತ್ತಿದ. "ಚಕ್ರಾನೇ ಇಲ್ಲ. ಹೇಗೆ ಹೋಗ್ಲಿ?"

ಭಾವ ಬಗ್ಗಿ ನೋಡಿದ. ದಿಮ್ಮಿಗಳು, ಆಕ್ಸಲ್ ಎಳೆದ ಜಾಗದಲ್ಲಿ ಬಾಯಿಗೆ ಬಟ್ಟೆ ತುರುಕಿದ ಎರಡು ಕೊಳವೆ, ಕೆಳಗೆ ಎಣ್ಣೆ ತೊಟ್ಟಿಕ್ಕಲು ಇಟ್ಟ ಡಬ್ಬಿ. ಎದ್ದು ನಿಂತವನ ಮುಖದಲ್ಲಿ ಮೆಚ್ಚುಗೆಯೇ ಇತ್ತು. "ಎಷ್ಟೋ ಜನ ನೋಡಿದೀನಿ, ಟಿಕೆಟ್ ನುಂಗಿದವರನ್ನೂ ನೋಡಿದೀನಿ. ದಿನಾ ಸುತ್ತಾಡಿ ಬಂದು ಚಕ್ರ ಬಿಚ್ಚಿಡೋ ಮನುಷ್ಯನ್ನ ಮಾತ್ರ ಇವತ್ತೇ ನೋಡಿದ್ದು!"

ಅಷ್ಟರಲ್ಲಿ ಗೇಟಿನ ಮುಂದೆ ಜೀಪು ನಿಂತಿತು. ಕಚೇರಿಯ ಸಾಹೇಬರ ಗಡ್ಡವನ್ನೂ ಅದೇ ಸಲೂನಿನವನೇ ಹೆರೆಯುತ್ತಿದ್ದುದರಿಂದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಸಾಹೇಬರು ಇಳಿದವರೇ, "ಏನ್ರೀ ಇದು, ಮೀಟರ್ ಓದೋ ಹೊತ್ತಲ್ಲಿ ಕಡಲಿಗೆ ಹೋಗ್ತೀರಂತೆ? ಮನೇಲಿ ಕೂತೇ ಅಂಕಿ ಬರೀತೀರೋ ಹೇಗೆ?" ಎಂದರು. ಅವರ ಹಿಂದೆ ಸಲೂನಿನವನು, ಮೇಡಂ, ಅವರ ಶಿಷ್ಯರು, ಹಾಲಿನವನು, ಸಾಲದ್ದಕ್ಕೆ ಗ್ಯಾರೇಜಿನವನೂ ನಿಟ್ಟುಸಿರು ಬಿಡುತ್ತ ಬಂದ. ಶೆಡ್ಡಿನ ಮುಂದೆ ಕಾಲಿಡಲು ಜಾಗವಿಲ್ಲದಂತಾಯಿತು.

"ಎಲ್ಲಿಗೂ ಹೋಗಿಲ್ಲ ಸಾರ್" ಎಂದ ಮೀಟರಪ್ಪ.

"ಮತ್ತೆ ಈ ನಾನೂರು ಮೈಲಿ?" ಎಂದ ಭಾವ.

"ಅದು..."

"ಮೀಟರ್ ಸುಳ್ಳು ಹೇಳಲ್ಲ ಸ್ವಾಮಿ" ಎಂದು ಹಿಂದಿನಿಂದ ಯಾರೋ ಮೀಟರಪ್ಪನದೇ ದನಿಯಲ್ಲಿ ಹೇಳಿದರು. ಗುಂಪೆಲ್ಲ ಗೊಳ್ಳೆಂದಿತು.

ತಾನು ಎಂಥ ಇಕ್ಕಟ್ಟಿಗೆ ಸಿಕ್ಕಿದ್ದೇನೆಂಬುದು ಮೀಟರಪ್ಪನಿಗೆ ಆಗಲೇ ಹೊಳೆದದ್ದು. ಮೀಟರು ನಿಜವೆಂದರೆ ಹೆಂಡತಿಯನ್ನು ಬಿಟ್ಟು ನಾನೂರು ಮೈಲಿ ಸುತ್ತಿದ ದ್ರೋಹಿ. ಮೀಟರು ಸುಳ್ಳೆಂದರೆ ಇಷ್ಟು ವರ್ಷ ಗೇಟುಗೇಟಿನ ಮುಂದೆ ಕೂತು ಹೇಳಿದ್ದೆಲ್ಲ ಮಣ್ಣುಪಾಲು. ಸಾಹೇಬರಿಗೂ ಅದು ಹೊಳೆದಿರಬೇಕು. ಕನ್ನಡಕ ಸರಿಮಾಡಿಕೊಂಡು, "ಯೋಚನೆ ಮಾಡಿ ಮಾತಾಡ್ರೀ" ಎಂದು ಮೆಲುದನಿಯಲ್ಲಿ ಎಚ್ಚರಿಸಿದರು. "ಕಡಲಿಗೆ ಹೋಗಿದ್ರೆ ಹೋಗಿದೀನಿ ಅನ್ನಿ. ಒಂದು ರಜೆ ಬರ್ಕೊಳ್ಳೋಣ."

ಮೀಟರಪ್ಪ ಹೊಸ್ತಿಲ ಕಡೆ ನೋಡಿದ. ಹೆಂಡತಿ ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಬೈಯದೆ, ಸೌಟಿಗೂ ಏನೂ ಹೇಳದೆ, ಬಾಯಿ ಬಿಗಿದುಕೊಂಡು ನೆಲ ನೋಡುತ್ತಿದ್ದಳು.

"ಮೀಟರ್ ಸುಳ್ಳು ಹೇಳುತ್ತೆ ಸಾರ್" ಎಂದ ಅವನು, ಎಲ್ಲರಿಗೂ ಕೇಳಿಸುವಂತೆ.

ಹೇಳಿ, ಕಾರಿನೊಳಗೆ ಹತ್ತಿ ಸ್ಟಾರ್ಟ್ ಮಾಡಿದ. ಒಂದನೇ ಗೇರು, ಎರಡು, ಮೂರು, ನಾಲ್ಕು. "ಹಾ, ಇದೇ ತಾರ!" ಎಂದರು ಮೇಡಂ. ಮುಳ್ಳು ಅರವತ್ತಕ್ಕೆ ಹೋಗಿ ನಿಂತಿತು. ಕಾರು ದಿಮ್ಮಿಯ ಮೇಲೆ ಇದ್ದಲ್ಲೇ ಇತ್ತು. ಅಂಕಿಯೊಂದು ನಿಧಾನವಾಗಿ ಉರುಳಿ ಇನ್ನೊಂದು ಬಂತು. ಭಾವ ಒಳಗೆ ಇಣುಕಿ ಅಂಕಿ ನೋಡಿದ, ಹಿಂದಕ್ಕೆ ಹೋಗಿ ದಿಮ್ಮಿ ನೋಡಿದ, ಮತ್ತೆ ಬಂದು ಅಂಕಿ ನೋಡಿದ. ಅವನ ವೃತ್ತಿಜೀವನದಲ್ಲಿ ರೈಲೇ ಇಲ್ಲದೆ ಪ್ರಯಾಣ ಮಾಡಿದವನು ಸಿಕ್ಕಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸಾಲಿನಲ್ಲಿ ಬಂದು ನೋಡಿದರು. ಗ್ಯಾರೇಜಿನವನು ಮಾತ್ರ ಕೆಳಗಿನ ಎಣ್ಣೆ ಡಬ್ಬಿ ನೋಡಿ, "ಸ್ಟಾರ್ಟ್ ಮಾಡಿ ಅಂದಿದ್ದೆ, ಸಂಸಾರ ಮಾಡಿ ಅಂದಿರ್ಲಿಲ್ಲ" ಎಂದ.

ಎಂಜಿನ್ನು ನಿಂತಿತು. ಆಮೇಲೆ ಬೀದಿಗೆ ಬೀದಿಯೇ ಸ್ಫೋಟಿಸಿತು.

"ಅಂದ್ರೆ ಬರೀ ಗಾಳಿಗೆ ಮೀಟರ್ ತಿರುಗುತ್ತೆ ಅಂತ ನಾವು ಬಡ್ಕೊಂಡಿದ್ದು ನಿಜ!"

"ಇದು ಕಾರಿನ ಮೀಟರ್ರು, ಅದು ನೀರಿನ ಮೀಟರ್ರು!" ಎಂದು ಸಾಹೇಬರು ಕೂಗಿದರು.

"ಮೀಟರ್ ಮೀಟರೇ ಸಾರ್!" ಎಂದ ಸಲೂನಿನವನು. "ನಿಮ್ಮವನೇ ಹೇಳಿದಾನೆ, ಇನ್ನೇನು?"

ಸಾಹೇಬರು ಮೀಟರಪ್ಪನ ಕಡೆ ಒಂದು ನೋಟ ಬೀರಿದರು. ಅದರಲ್ಲಿ ಮೀಟರು ಓದುವ ಕೆಲಸ ಹೋಗಿ, ಬೀದಿಯ ಒಂದೊಂದು ಕೊಳವೆಗೂ ಗಾಳಿಯನ್ನು ಹೊರಬಿಡುವ ಕವಾಟ ಕೂರಿಸುವ ಶಿಕ್ಷೆ ಸ್ಪಷ್ಟವಾಗಿ ಬರೆದಿತ್ತು. ಮೀಟರಪ್ಪ ಅದನ್ನು ಓದಿಕೊಂಡ. ಆದರೆ ಅವನ ಕಿವಿ ಇದ್ದದ್ದು ಹೊಸ್ತಿಲ ಕಡೆ.

"ಹೆಂಗಸು ಯಾರು?" ಎಂದು ಅವನ ಹೆಂಡತಿ ಕೇಳಿದಳು.

ಗಲಾಟೆ ತಟ್ಟನೆ ನಿಂತಿತು. ಕೊಳವೆಯ ಗಾಳಿಗಿಂತ ಈ ವಿಷಯ ಎಲ್ಲರಿಗೂ ರುಚಿ. ಮೀಟರಪ್ಪ ಸ್ಟೀರಿಂಗು ಹಿಡಿದೇ ಇದ್ದ, ಎದುರು ಗೋಡೆ ನೋಡುತ್ತಿದ್ದ.

"ನೀನೇ."

"ನಾನಾ?"

"ಊಟ ಆದ್ಮೇಲೆ ಕಣ್ಣು ಎಳೆಯುತ್ತೆ. ಆಗ ಹೊರಡ್ತೀವಿ. ಸಾಲುಮರ ದಾಟಿ, ಸೇತುವೆ ದಾಟಿ. ನೀನಿಲ್ಲದೆ ಒಂದಿನಾನೂ ಹೋಗಿಲ್ಲ. ಕಡಲು ಇನ್ನೂ ಸಿಕ್ಕಿಲ್ಲ, ಅಷ್ಟರಲ್ಲಿ ಎಚ್ಚರ ಆಗ್ಬಿಡುತ್ತೆ."

ಇದನ್ನು ಕೇಳಿ ಮೇಡಂ ಮೂಗು ಒರೆಸಿಕೊಂಡರು. ಹಾಲಿನವನು ತಾನು ಸೇತುವೆಯ ಮೇಲೆ ಕಂಡದ್ದು ಸುಳ್ಳಲ್ಲವೆಂದು ಪಕ್ಕದವನಿಗೆ ಪಿಸುಗುಟ್ಟಿದ. ಹೆಂಡತಿಯ ಮುಖ ಸಡಿಲವಾಯಿತು. ಒಂದು ಹೆಜ್ಜೆ ಮುಂದಿಟ್ಟು, ಶಪಥ ನೆನಪಾಗಿ ಹೊಸ್ತಿಲಲ್ಲೇ ನಿಂತಳು.

"ನಾನು ಏನೇನು ಮಾತಾಡ್ತೀನಿ?"

ಇಲ್ಲೊಂದು ಸುಳ್ಳು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮನುಷ್ಯ ಅಂದು ನಿಜ ಹೇಳುವ ಭರದಲ್ಲಿದ್ದ. "ನೀನಾ? ಸುಮ್ನೆ ಕೂತಿರ್ತೀಯ."

"ಎಷ್ಟು ಹೊತ್ತು?"

"ದಾರಿ ಉದ್ದಕ್ಕೂ."

"ಹಾಗಾದ್ರೆ ಅದು ನಾನಲ್ಲ" ಎಂದು ಹೇಳಿ ಅವಳು ಮನೆಯೊಳಗೆ ನಡೆದುಬಿಟ್ಟಳು.

"ಹೇಳ್ಲಿಲ್ವಾ, ಯಾರೋ ಇದಾಳೆ ಅಂತ" ಎಂದ ಭಾವ.

ಆಕ್ಸಲ್‌ಗಳು ಹಡಗಿನಿಂದ ಇಳಿದು ಬಂದಾಗ ಮೀಟರಪ್ಪ ಬೀದಿಯ ಅರ್ಧ ಮನೆಗಳಿಗೆ ಕವಾಟ ಕೂರಿಸಿ ಮುಗಿಸಿದ್ದ. ಮೇಣದ ಕಾಗದ ಬಿಚ್ಚಿದರೆ ಎರಡು ಸರಳು, ಒಂದೊಂದರ ತುದಿಗೂ ಅಖಂಡವಾಗಿ ಬೆಳೆದಂತೆ ಒಂದೊಂದು ತಟ್ಟೆ. ಗ್ಯಾರೇಜಿನವನು ಅವುಗಳನ್ನು ಕೈಯಲ್ಲಿ ತೂಗಿ ನೋಡಿ, ಜೀವನದಲ್ಲಿ ಮೊದಲ ಸಲ ನಿಟ್ಟುಸಿರು ಬಿಡದೆ ಇದ್ದ. ಕೊಳವೆ ತೊಳೆದು, ಹೊಸ ಸೀಲು ಕೂರಿಸಿ, ಬೇರಿಂಗು ಬಡಿದು ಸೇರಿಸಿ, ಆಕ್ಸಲ್ಲನ್ನು ಮೆಲ್ಲಗೆ ಒಳಗೆ ತಳ್ಳಿ ಹಲ್ಲಿಗೆ ಹಲ್ಲು ಕೂಡುವವರೆಗೆ ತಿರುಗಿಸಿದ. ಹೊಸ ಎಣ್ಣೆ ಹಾಕಿದ. ಚಕ್ರ ಏರಿಸಿ, ದಿಮ್ಮಿ ಎಳೆದ. ಕಾರು ನೆಲಕ್ಕೆ ಇಳಿದು ಒಮ್ಮೆ ಕುಲುಕಿ ಸುಮ್ಮನಾಯಿತು.

ಮೀಟರಪ್ಪ ಅದನ್ನು ಮನೆಯ ಬಾಗಿಲ ಮುಂದೆ ತಂದು ನಿಲ್ಲಿಸಿ, ಇಳಿದು, ಸುತ್ತಿಕೊಂಡು ಹೋಗಿ ಪಕ್ಕದ ಬಾಗಿಲು ತೆಗೆದು ನಿಂತ. ಬೀದಿಯೆಲ್ಲ ನೋಡುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಬರದಿದ್ದರೆ ಈ ಕಾರನ್ನು ಮತ್ತೆ ದಿಮ್ಮಿಗೇ ಏರಿಸಿಬಿಡುವುದೆಂದು ನಿಶ್ಚಯಿಸಿದ. ಅಷ್ಟರಲ್ಲಿ ಅವಳು ಬಂದಳು. ಅವನ ಮುಖ ನೋಡಲಿಲ್ಲ, ಒಂದು ಮಾತಿಲ್ಲ. ಹತ್ತಿ ಕೂತಳು.

ಕಾರು ಹೊರಟಿತು. ಯಾವುದಕ್ಕೂ ಇರಲಿ ಎಂದು ಬೀದಿಯವರೆಲ್ಲ ತೋಳು ಮಡಚಿಕೊಂಡು ಹಿಂದೆಯೇ ನಡೆದು ಬಂದರು. ತಿರುವು ಬಂತು. ಮೀಟರಪ್ಪ ಮೆಲ್ಲಗೆ ಕ್ಲಚ್ಚು ಬಿಟ್ಟ. ಏನೂ ಮುರಿಯಲಿಲ್ಲ. ಹಿಂದೆ ಯಾರೋ ನಿರಾಶೆಯಿಂದ ಚಪ್ಪಾಳೆ ತಟ್ಟಿದರು.

ಕಡಲಿನ ರಸ್ತೆ ಅವನ ರಸ್ತೆಯಂತಿರಲಿಲ್ಲ. ಲಾರಿಗಳು ಹಾರ್ನ್ ಹೊಡೆದು ಧೂಳೆಬ್ಬಿಸಿ ಹೋದವು. ಸೇತುವೆಯ ಮೇಲೆ ಗುಂಡಿಗಳಿದ್ದವು. ಆಕ್ಸಲ್ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ. ಗುಡ್ಡದ ಏರು ಶುರುವಾದಾಗ ಲಾರಿಗಳು ಹಿಂದೆ ಬಿದ್ದವು, ಮರಗಳು ರಸ್ತೆಯ ಮೇಲೆ ನೆರಳು ಚೆಲ್ಲಿದವು, ಗಾಳಿ ತಂಪಾಯಿತು. ಅವನು ಓರೆಗಣ್ಣಿನಿಂದ ನೋಡಿದ. ಪಕ್ಕದಲ್ಲಿ ಅವಳು ಮುಖ ಗಾಳಿಗೆ ಒಡ್ಡಿ, ಕಣ್ಣು ಅರೆಮುಚ್ಚಿ, ಸುಮ್ಮನೆ ಕೂತಿದ್ದಳು. ಎಷ್ಟೋ ಮಧ್ಯಾಹ್ನ ಕಂಡ ಹಾಗೆಯೇ, ಒಂದು ಕೂದಲೆಳೆಯೂ ಬೇರೆಯಿಲ್ಲ. ಮೀಟರಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ಅವಳು ತನ್ನನ್ನು ಕ್ಷಮಿಸಿಲ್ಲ, ಇನ್ನೆಂದೂ ಮಾತಾಡುವುದಿಲ್ಲ, ಇಡೀ ಬದುಕು ಹೀಗೇ ಅಂದವಾಗಿ ಸುಮ್ಮನಿದ್ದುಬಿಡುತ್ತಾಳೆ ಎಂದುಕೊಂಡ.

"ಯಾಕೆ ಮಾತಾಡ್ತಿಲ್ಲ?" ಎಂದು ಕೇಳಿಯೇ ಬಿಟ್ಟ. "ಬೈಯೋದಾದ್ರೂ ಬೈ."

ಅವಳು ಕಣ್ಣು ತೆರೆದಳು. "ಅಲ್ಲಾ, ದಿನಾ ಕರ್ಕೊಂಡು ಹೋಗ್ತಿದ್ರಲ್ಲ ನಿಮ್ಮ ಆಯಮ್ಮನ್ನ, ಅವಳಿಗೆ ಹೇಗಿರುತ್ತೆ ಅಂತ ಕೂತು ನೋಡ್ತಿದ್ದೆ. ಪಾಪ ರೀ, ಎಷ್ಟು ಬೇಜಾರು ಅವಳಿಗೆ! ಸೇತುವೆ ಹತ್ರ ಹೇಳೋದಿತ್ತು, ಆ ಲಾರಿಯವನ ಮೀಸೆ ನೋಡಿದ್ರಾ, ಥೇಟು ನಮ್ಮಣ್ಣನ ಮೀಸೆ. ಅಲ್ಲಿಂದ ತಡ್ಕೊಂಡಿದೀನಿ. ಮೇಡಂ ಬಟ್ಟೆ ವಿಷಯ ಗೊತ್ತಾ ನಿಮಗೆ, ಅವರು..."

ಮಾತು ಶುರುವಾಯಿತು. ಸೌಟಿಗೂ ಹೂಜಿಗೂ ಹೇಳಿ ಮಿಕ್ಕಿದ್ದೆಲ್ಲ ಒಂದೊಂದಾಗಿ ಬಂತು. ಮೀಟರಪ್ಪ ಹೂಂ ಎನ್ನುತ್ತ, ಕೆಲವೊಮ್ಮೆ ಹಾ ಎನ್ನುತ್ತ, ಮುಖದ ತುಂಬ ನಗು ತುಂಬಿಕೊಂಡು ಓಡಿಸಿದ. ಗುಡ್ಡದ ನೆತ್ತಿ ಬಂತು, ಹೋಯಿತು. ಇಳಿಜಾರಿನಲ್ಲಿ ಕಡಲಿಗೆ ಹೋಗುವ ದಾರಿ ಎಡಕ್ಕೆ ಕವಲೊಡೆದದ್ದನ್ನು ಇಬ್ಬರೂ ನೋಡಲಿಲ್ಲ.